ಕಂಬಳದ ಫೋಟೊ ಪ್ರಿಂಟ್ ಆನ್‌ಲೈನ್‌ನಲ್ಲಿ ಮಾರಬೇಕಾ? ಮೊದಲು ದುಡ್ಡು ಬರುವ ದಾರಿ ನೋಡಿ

ಈ ಸೀಸನ್‌ನಿಂದ ನನ್ನ ಫೋಟೊಗಳ ಪ್ರಿಂಟ್ ಆನ್‌ಲೈನ್‌ನಲ್ಲಿ ಸಿಗುತ್ತಿವೆ. ಜನ ಫೋನಿನಲ್ಲೇ ಫೋಟೊ ಹುಡುಕಿ, ಸೈಜ್ ಆರಿಸಿ, ದುಡ್ಡು ಕಟ್ಟುತ್ತಾರೆ. ಪ್ರಿಂಟ್ ಅವರ ಮನೆ ಬಾಗಿಲಿಗೆ ಹೋಗುತ್ತದೆ. ಕೇಳೋಕೆ ಸುಲಭ, ಆದರೆ ಇಲ್ಲಿಗೆ ಬರಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಯಾವ ಸೇವೆ ತಗೊಳ್ಳಬೇಕು ಎಂದು ಹುಡುಕಿದಾಗ ಸಿಕ್ಕಿದ್ದೆಲ್ಲ ಅಮೆರಿಕ, ಇಂಗ್ಲೆಂಡ್‌ನ ಫೋಟೊಗ್ರಾಫರ್‌ಗಳು ಬರೆದದ್ದು. ನಮ್ಮ ಊರಿನ ಕೆಲಸಕ್ಕೆ ಅದರಲ್ಲಿ ಅರ್ಧ ಹೊಂದುವುದೇ ಇಲ್ಲ. ಹಾಗಾಗಿ ನಾನು ಹೋದ ದಾರಿಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಕಂಬಳ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಮ್ಯಾರಥಾನ್ ಇರಲಿ, ಫೋಟೊ ತೆಗೆದು ಪ್ರಿಂಟ್ ಮಾರುವ ಯಾರಿಗಾದರೂ ಉಪಯೋಗ ಆಗಬಹುದು.

ನನ್ನ ಮುಖ್ಯ ಕೆಲಸ ಕಂಬಳ. ನವೆಂಬರ್‌ನಲ್ಲಿ ಶುರುವಾದರೆ ಮಾರ್ಚ್, ಏಪ್ರಿಲ್‌ವರೆಗೆ ವಾರದ ಕೊನೆಯೆಲ್ಲ ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಯ, ಬದಿಯಲ್ಲೇ. ಮೂಡುಬಿದಿರೆ, ಪುತ್ತೂರು, ಕಟಪಾಡಿ, ವೇಣೂರು, ಐಕಳ, ಉಪ್ಪಿನಂಗಡಿ. ಶನಿವಾರ ಬೆಳಿಗ್ಗೆ ಶುರುವಾದದ್ದು ಭಾನುವಾರ ಮಧ್ಯಾಹ್ನವಾದರೂ ಮುಗಿದಿರುವುದಿಲ್ಲ. ಜೋಡುಕರೆ ಅಂದರೆ ಎರಡು ಓಟದ ಹಾದಿ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು, ಅದರಲ್ಲಿ ಹಿರಿಯ, ಕಿರಿಯ. ಒಂದು ಕಂಬಳ ಮುಗಿಯುವಾಗ ಸಾವಿರಗಟ್ಟಲೆ ಫೋಟೊ ಇರುತ್ತವೆ.

ಕೊಳ್ಳುವವರು ಯಾರು ಎಂದು ಗೊತ್ತಿದ್ದರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ. ಕೋಣಗಳ ಯಜಮಾನರು ಮೊದಲು. ಅವರಿಗೆ ಮನೆಯ ಚಾವಡಿಯಲ್ಲಿ ದೊಡ್ಡ ಫ್ರೇಮ್ ಬೇಕು. ಆಮೇಲೆ ಓಡಿಸುವ ಹುಡುಗರು. ಮೂರನೆಯವರು ದುಬೈ, ಮಸ್ಕತ್, ಕುವೈತ್‌ನಲ್ಲಿ ಇರುವ ನಮ್ಮ ಕಡೆಯವರು. ಊರಿನ ಕೋಣ ಗೆದ್ದ ಸುದ್ದಿ ನಮಗಿಂತ ಮೊದಲು ಅವರಿಗೆ ತಲುಪಿರುತ್ತದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆದ ಮೇಲೆ ಕರಾವಳಿಯ ಹೊರಗಿನವರೂ ಕೇಳಲು ಶುರು ಮಾಡಿದರು.

ಮೊದಲು ಎಲ್ಲ ನಡೆಯುತ್ತಿದ್ದದ್ದು ವಾಟ್ಸಾಪ್‌ನಲ್ಲಿ. "ಅಣ್ಣ, ನಮ್ಮ ಕೋಣದ ಫೋಟೊ ಉಂಟಾ?" ಎಂದು ಕೇಳುತ್ತಿದ್ದರು. ನಾನು ಹುಡುಕಿ ಕಳಿಸುತ್ತಿದ್ದೆ. ಅವರು ಅದನ್ನೇ ಅಂಗಡಿಗೆ ಕೊಟ್ಟು ದೊಡ್ಡದು ಮಾಡಿಸುತ್ತಿದ್ದರು. ವಾಟ್ಸಾಪ್ ಮಾಮೂಲಿಯಾಗಿ ಕಳಿಸುವ ಫೋಟೊದ ಉದ್ದದ ಬದಿ ಸುಮಾರು 1600 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದು 5 ಇಂಚು ಚಿಲ್ಲರೆಗೆ ಸಾಕಾಗುತ್ತದೆ ಅಷ್ಟೆ. ಅದನ್ನು 3 ಅಡಿ ಮಾಡಿ, ಒಡೆದು ಹೋದ ಚಿತ್ರದ ಕೆಳಗೆ ನನ್ನ ಹೆಸರು ಇರುವುದನ್ನು ನೋಡಿದಾಗ ತುಂಬಾ ಬೇಸರವಾಗುತ್ತಿತ್ತು. ರಾತ್ರಿಯಿಡೀ ಕೆಸರಿನಲ್ಲಿ ನಿಂತು ತೆಗೆದದ್ದು ಅದು. ಸರಿಯಾದ ಪ್ರಿಂಟ್ ನಾನೇ ಕೊಡಬೇಕು ಎಂದು ಹೊರಟದ್ದು ಅದಕ್ಕೇ.

ಹುಡುಕಲು ಕೂತಾಗ ಮೊದಲು ಕಂಡದ್ದು ವಿದೇಶಿ ಗ್ಯಾಲರಿ ಸೇವೆಗಳು. ಸ್ಮಗ್‌ಮಗ್, ಪಿಕ್ಸಿಸೆಟ್, ಶೂಟ್‌ಪ್ರೂಫ್, ಝೆನ್‌ಫೋಲಿಯೊ, ಪಿಕ್‌ಟೈಮ್. ಸ್ಮಗ್‌ಮಗ್ 2002ರಿಂದ ಇದೆ, 2018ರಲ್ಲಿ ಫ್ಲಿಕರ್ ಅನ್ನೂ ಕೊಂಡುಕೊಂಡ ಕಂಪನಿ. ಇವುಗಳ ಗ್ಯಾಲರಿ ನೋಡಿದರೆ ಆಸೆ ಆಗುತ್ತದೆ. ಫೋಟೊ ದೊಡ್ಡದಾಗಿ ಕಾಣುತ್ತದೆ, ವಾಟರ್‌ಮಾರ್ಕ್ ತಾನಾಗಿ ಬೀಳುತ್ತದೆ. ಗಿರಾಕಿ ಆರ್ಡರ್ ಮಾಡಿದರೆ ಆ ಸೇವೆಯ ಜೊತೆ ಒಪ್ಪಂದ ಇರುವ ಲ್ಯಾಬ್ ಪ್ರಿಂಟ್ ಮಾಡಿ ಕಳಿಸುತ್ತದೆ. ನಾವು ಏನೂ ಮುಟ್ಟಬೇಕಾಗಿಲ್ಲ. ಲ್ಯಾಬ್‌ನ ಬೆಲೆಯ ಮೇಲೆ ನಾವು ಇಟ್ಟ ಲಾಭದಲ್ಲಿ ಸ್ಮಗ್‌ಮಗ್ ಶೇ. 15 ತೆಗೆದುಕೊಂಡು ಉಳಿದದ್ದು ಕೊಡುತ್ತದೆ. ಪಿಕ್ಸಿಸೆಟ್‌ನಲ್ಲಿ ನಾನು ನೋಡಿದಾಗ 3 ಜಿಬಿಯ ಉಚಿತ ಪ್ಲಾನ್ ಇತ್ತು, ಅದರಲ್ಲಿ ಮಾರಿದರೆ ಶೇ. 15 ಕಮಿಷನ್. ದುಡ್ಡು ಕೊಟ್ಟ ಪ್ಲಾನ್‌ಗಳಲ್ಲಿ ಕಮಿಷನ್ ಇಲ್ಲ.

ಇಲ್ಲಿಂದ ತೊಂದರೆ ಶುರು. ಆ ಲ್ಯಾಬ್‌ಗಳೆಲ್ಲ ಇರುವುದು ಅಮೆರಿಕ, ಇಂಗ್ಲೆಂಡ್, ಯುರೋಪ್ ಕಡೆ. ಕಾರ್ಕಳದ ಯಜಮಾನರ ಮನೆಗೆ ಒಂದು 8x12 ಇಂಚಿನ ಪ್ರಿಂಟ್ ಅಲ್ಲಿಂದ ಬರಬೇಕು. ಸಾಗಾಟದ ಖರ್ಚೇ ಪ್ರಿಂಟ್‌ನ ಬೆಲೆಗಿಂತ ಜಾಸ್ತಿ. ಮೇಲೆ ಕಸ್ಟಮ್ಸ್ ಬೇರೆ. ಸರಿ, ಲ್ಯಾಬ್ ಬಿಡೋಣ, ಇವುಗಳಲ್ಲಿ ಹೆಚ್ಚಿನವು "ನಾನೇ ಪ್ರಿಂಟ್ ಮಾಡಿ ಕಳಿಸುತ್ತೇನೆ" ಎನ್ನುವ ಆಯ್ಕೆ ಕೊಡುತ್ತವೆ, ಅದನ್ನು ಇಟ್ಟುಕೊಂಡು ಮಂಗಳೂರಿನ ಲ್ಯಾಬ್‌ನಲ್ಲೇ ಮಾಡಿಸೋಣ ಎಂದುಕೊಂಡೆ.

ಆಗ ಎದುರಾದದ್ದು ದುಡ್ಡಿನ ಪ್ರಶ್ನೆ. ಈ ಸೇವೆಗಳಲ್ಲಿ ನಾವೇ ನೇರವಾಗಿ ಹಣ ಪಡೆಯಬೇಕಾದರೆ ಸಾಮಾನ್ಯವಾಗಿ ಸ್ಟ್ರೈಪ್ ಅಥವಾ ಪೇಪಾಲ್ ಎನ್ನುವ ವಿದೇಶಿ ಆನ್‌ಲೈನ್ ಪಾವತಿ ಸೇವೆಯ ಖಾತೆ ಜೋಡಿಸಬೇಕು. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ. ಹೊರದೇಶದವರು ನಮಗೆ ಕಳಿಸಬಹುದು, ಪುತ್ತೂರಿನವರು ಮೂಡುಬಿದಿರೆಗೆ ಕಳಿಸಲು ಆಗುವುದಿಲ್ಲ. ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನ ಇದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ನಾನು ಕೋರಿಕೆ ಹಾಕಿ ಕಾದೆ, ನನಗೆ ಆಹ್ವಾನ ಬರಲಿಲ್ಲ. ಯುಪಿಐ ಅಂತೂ ಆ ಚೆಕ್‌ಔಟ್‌ಗಳಲ್ಲಿ ನನಗೆ ಕಾಣಲೇ ಇಲ್ಲ. ನಮ್ಮ ಊರಿನಲ್ಲಿ ಮೀನಿನ ಮಾರ್ಕೆಟಿನಲ್ಲೂ ಯುಪಿಐ. ಅದು ಇಲ್ಲದ ಅಂಗಡಿಗೆ ಯಾರು ಬರುತ್ತಾರೆ ಹೇಳಿ.

ಇದು ಗೊತ್ತಾಗುವಷ್ಟರಲ್ಲಿ ಒಂದು ಸೇವೆಯಲ್ಲಿ ನನ್ನ ಗ್ಯಾಲರಿ ಪೂರ್ತಿ ತಯಾರಾಗಿತ್ತು. ಅಲ್ಲಿನ ಸಹಾಯದವರಿಗೆ ಬರೆದು ಕೇಳಿದೆ, ಬಹಳ ದಿನ ಬಿಟ್ಟು "ನಿಮ್ಮ ದೇಶದಲ್ಲಿ ಪೇಪಾಲ್ ಬಳಸಬಹುದು" ಎಂದು ಉತ್ತರ ಬಂತು. ದೇಶದ ಒಳಗೆ ಆಗುವುದಿಲ್ಲ ಎಂದು ಪೇಪಾಲ್‌ನ ಪುಟವನ್ನೇ ತೋರಿಸಿ ಮತ್ತೆ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಆ ದಿನಗಳಲ್ಲಿ ನಿಜವಾಗಿ ಸಾಕಾಗಿ ಹೋಗಿತ್ತು. ಇಷ್ಟು ಒಳ್ಳೆಯ ಸೌಲಭ್ಯ ಎದುರಿಗೇ ಇದೆ, ನಮ್ಮಂಥವರಿಗೆ ಮಾತ್ರ ಬಾಗಿಲು ಇಲ್ಲ ಅನಿಸುತ್ತಿತ್ತು.

ಆದ್ದರಿಂದ ನೀವು ಯಾವುದೇ ಸೇವೆ ನೋಡುವಾಗ ಗ್ಯಾಲರಿಯ ಡೆಮೊ ತೆರೆಯುವ ಮೊದಲು "ಪಾವತಿ" ಎನ್ನುವ ಪುಟ ತೆರೆಯಿರಿ. ರೂಪಾಯಿಯಲ್ಲಿ ಬೆಲೆ ಹಾಕಬಹುದಾ, ಯುಪಿಐ ಉಂಟಾ, ದುಡ್ಡು ನಿಮ್ಮ ಬ್ಯಾಂಕಿಗೆ ಯಾವಾಗ ಬರುತ್ತದೆ, ಇದಕ್ಕೆ ಉತ್ತರ ಸಿಗದಿದ್ದರೆ ಮುಂದೆ ಹೋಗಬೇಡಿ.

ವಿದೇಶಿ ಸೇವೆಗೆ ನಾವು ದುಡ್ಡು ಕಟ್ಟುವುದರಲ್ಲೂ ಕೆಲವು ವಿಷಯ ಇವೆ. ಬೆಲೆ ಡಾಲರ್‌ನಲ್ಲಿ. ಅದರ ಮೇಲೆ ಬಿಲ್ಲಿನ ಕೊನೆಗೆ ಶೇ. 18 ಜಿಎಸ್‌ಟಿ ಸೇರುತ್ತದೆ, ಬ್ಯಾಂಕ್ ತನ್ನ ವಿನಿಮಯ ಶುಲ್ಕ ಹಾಕುತ್ತದೆ. ಕಾರ್ಡ್‌ನಲ್ಲಿ ಅಂತಾರಾಷ್ಟ್ರೀಯ ಪಾವತಿ ಸಾಮಾನ್ಯವಾಗಿ ಬಂದ್ ಇರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಇನ್ನೊಂದು, ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಪಾವತಿಗೆ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿದೆ. ಆ ವ್ಯವಸ್ಥೆಗೆ ಸೇರದ ವಿದೇಶಿ ಕಂಪನಿಗಳ ನವೀಕರಣ ಫೇಲ್ ಆಗುತ್ತದೆ. ನನ್ನದು ಹಾಗೇ ಆಯಿತು. ಇಮೇಲ್ ನೋಡದೆ ಇದ್ದಿದ್ದರೆ ಗ್ಯಾಲರಿ ಮುಚ್ಚಿ ಹೋಗುತ್ತಿತ್ತು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೈಯಿಂದಲೇ ಕಟ್ಟುವುದು ಒಳ್ಳೆಯದು.

ಆಮೇಲೆ ನಮ್ಮ ದೇಶದ ಸೇವೆಗಳ ಕಡೆ ಬಂದೆ. ಈಗ ಮದುವೆ ಫೋಟೊಗ್ರಾಫರ್‌ಗಳೆಲ್ಲ ಮುಖ ಗುರುತಿಸುವ ಗ್ಯಾಲರಿ ಬಳಸುತ್ತಾರೆ, ಕ್ವಿಕ್‌ಪಿಕ್ ತರಹದ್ದು. ಕ್ಯೂಆರ್ ಸ್ಕ್ಯಾನ್ ಮಾಡಿ ಒಂದು ಸೆಲ್ಫಿ ಕೊಟ್ಟರೆ ನಿಮ್ಮ ಫೋಟೊಗಳೆಲ್ಲ ಬರುತ್ತವೆ. ಮದುವೆಗೆ ಬಹಳ ಚೆನ್ನಾಗಿದೆ. ಕಂಬಳಕ್ಕೆ ನಾನು ಪ್ರಯತ್ನಿಸಿ ನೋಡಿದೆ. ಓಡಿಸುವವರ ಮುಖದ ಮೇಲೆ ಕೆಸರು ನೀರು, ಕಣ್ಣು ಅರ್ಧ ಮುಚ್ಚಿರುತ್ತದೆ, ಬಾಯಿ ತೆರೆದಿರುತ್ತದೆ. ಬಹುಪಾಲು ಫೋಟೊ ಸಿಗಲೇ ಇಲ್ಲ. ಯಜಮಾನರ ವಿಷಯವೇ ಬೇರೆ. ಅವರು ಫೋಟೊದಲ್ಲಿ ಇರುವುದೇ ಇಲ್ಲ. ಅವರಿಗೆ ಬೇಕಾದದ್ದು ತಮ್ಮ ಕೋಣಗಳು. ಹಾಗಾಗಿ ಕಂಬಳದ ಗ್ಯಾಲರಿಗೆ ಹೆಸರು ಮತ್ತು ವಿಭಾಗದ ಮೇಲೆ ಹುಡುಕುವ ವ್ಯವಸ್ಥೆಯೇ ಬೇಕು. ಮ್ಯಾರಥಾನ್ ತೆಗೆಯುವವರಿಗೆ ಎದೆಯ ಮೇಲಿನ ನಂಬರ್ ಓದುವ ಸೇವೆ ಬೇಕು. ನಿಮ್ಮ ಗಿರಾಕಿ ಏನು ಟೈಪ್ ಮಾಡಿ ತನ್ನ ಫೋಟೊ ಹುಡುಕುತ್ತಾನೆ ಎಂದು ಮೊದಲು ಯೋಚಿಸಿ.

ಶಾಲೆಯ ಕಾರ್ಯಕ್ರಮಗಳಿಗೆ ಮುಖ ಗುರುತಿಸುವ ಸೇವೆ ಬಳಸುವುದಕ್ಕೆ ನನಗೆ ಮನಸ್ಸು ಒಪ್ಪಲಿಲ್ಲ. ಮಕ್ಕಳ ಮುಖ ಯಾವುದೋ ಸರ್ವರ್‌ನಲ್ಲಿ ಕೂರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ. ಶಾಲೆಗೆ ನಾನು ತರಗತಿಗೊಂದು ಬೇರೆ ಗ್ಯಾಲರಿ, ಬೇರೆ ಪಾಸ್‌ವರ್ಡ್ ಮಾಡಿ, ಅದನ್ನು ಶಾಲೆಯ ಮೂಲಕ ಪೋಷಕರಿಗೆ ಮಾತ್ರ ಕೊಡುತ್ತೇನೆ. ಆರ್ಡರ್ ಅವಧಿ ಮುಗಿದ ಮೇಲೆ ತೆಗೆದು ಹಾಕುತ್ತೇನೆ.

ನಮ್ಮಲ್ಲಿ ಪ್ರಿಂಟ್ ಮಾಡಿ ಮನೆಗೆ ಕಳಿಸುವ ಕಂಪನಿಗಳೂ ಇವೆ. ಬೆಂಗಳೂರಿನ ಕ್ಯಾನ್‌ವೆರಾ ಫೋಟೊಬುಕ್‌ಗೆ ಹೆಸರಾದದ್ದು, ಪ್ರಿಂಟೊ, ಝೂಮಿನ್ ಎಲ್ಲ ಇವೆ. ಆದರೆ ನನ್ನ ಗ್ಯಾಲರಿಯಲ್ಲಿ ಗಿರಾಕಿ ಆರಿಸಿದ ಫೋಟೊ ನೇರ ಲ್ಯಾಬ್‌ಗೆ ಹೋಗಿ, ಲಾಭ ನನಗೆ ಬರುವ ವ್ಯವಸ್ಥೆ, ವಿದೇಶದಲ್ಲಿ ಇರುವ ಹಾಗೆ, ನನಗೆ ಬೇಕಾದ ರೀತಿಯಲ್ಲಿ ಎಲ್ಲೂ ಒಟ್ಟಿಗೆ ಸಿಗಲಿಲ್ಲ.

ಹಾಗಾಗಿ ಒಂದೇ ಸೇವೆ ಎಲ್ಲ ಮಾಡಬೇಕು ಎನ್ನುವ ಆಸೆ ಬಿಟ್ಟೆ. ಕೆಲಸವನ್ನು ಬೇರೆ ಬೇರೆ ಮಾಡಿದೆ. ಫೋಟೊ ತೋರಿಸಲು ಒಂದು ಗ್ಯಾಲರಿ ಸೇವೆ. ದುಡ್ಡಿಗೆ ನಮ್ಮ ದೇಶದ ಪೇಮೆಂಟ್ ಗೇಟ್‌ವೇ, ಅಂದರೆ ಗಿರಾಕಿ ಆನ್‌ಲೈನ್‌ನಲ್ಲಿ ಕಟ್ಟಿದ ಹಣವನ್ನು ನಮ್ಮ ಬ್ಯಾಂಕಿಗೆ ತಲುಪಿಸುವ ಸೇವೆ. ಪ್ರಿಂಟ್‌ಗೆ ಮಂಗಳೂರಿನ ಲ್ಯಾಬ್. ಕಳಿಸಲು ಅಂಚೆ. ಗ್ಯಾಲರಿಯಲ್ಲಿ ಪ್ರತಿ ಫೋಟೊಗೂ ನಂಬರ್ ಕಾಣುತ್ತದೆ. ಗಿರಾಕಿ ಆ ನಂಬರ್ ಅನ್ನು ನನ್ನ ಆರ್ಡರ್ ಪುಟದಲ್ಲಿ ಹಾಕಿ, ಸೈಜ್ ಆರಿಸಿ, ಅಲ್ಲೇ ಹಣ ಕಟ್ಟುತ್ತಾನೆ. ಒಂದು ಹೆಜ್ಜೆ ಜಾಸ್ತಿ, ನಿಜ. ಆದರೆ ಯುಪಿಐ ಇದೆ, ಪುಟ ಕನ್ನಡದಲ್ಲಿದೆ, ಹಾಗಾಗಿ ಜನ ತಡವರಿಸುವುದಿಲ್ಲ.

ಗೇಟ್‌ವೇಗೆ ನಾನು ನೋಡಿದ್ದು ರೇಜರ್‌ಪೇ ಮತ್ತು ಇನ್‌ಸ್ಟಾಮೊಜೊ. ಎರಡೂ ಬೆಂಗಳೂರಿನವು. ಎರಡರಲ್ಲೂ ವೆಬ್‌ಸೈಟ್ ಮಾಡಲು ಬಾರದವರೂ ಪೇಮೆಂಟ್ ಪುಟ ಅಥವಾ ಲಿಂಕ್ ಮಾಡಬಹುದು. ಶುಲ್ಕ ಸಾಮಾನ್ಯವಾಗಿ ಶೇ. 2ರ ಆಸುಪಾಸು, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಅಂದರೆ 100 ರೂಪಾಯಿಗೆ 2 ರೂ. 36 ಪೈಸೆ. ವಿದೇಶಿ ಕಾರ್ಡ್‌ಗೆ ಜಾಸ್ತಿ, ಮತ್ತು ಅದನ್ನು ಬೇರೆಯಾಗಿ ಅರ್ಜಿ ಹಾಕಿ ತೆರೆಸಬೇಕು.

ಖಾತೆ ತೆರೆಯುವಾಗ ನನಗೆ ಆದ ಕಷ್ಟವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯವರಿಗೆ ಇದು ಖಂಡಿತ ಬರುತ್ತದೆ. ಯಾವ ಗೇಟ್‌ವೇ ಎಂದು ಹೇಳುವುದಿಲ್ಲ. ಕೇಳಿದ ದಾಖಲೆ ಪ್ಯಾನ್, ವಿಳಾಸದ ಪುರಾವೆ, ಬ್ಯಾಂಕ್ ಖಾತೆಯ ವಿವರ. ಎಲ್ಲ ಹಾಕಿದೆ. ಬ್ಯಾಂಕ್ ಹೆಸರು ಹೊಂದುತ್ತಿಲ್ಲ ಎಂದು ವಾಪಸ್ ಬಂತು. ಪ್ಯಾನ್‌ನಲ್ಲಿ ನನ್ನ ಇನಿಶಿಯಲ್ ಬಿಡಿಸಿ ತಂದೆಯ ಹೆಸರು ಪೂರ್ತಿ ಇದೆ. ಬ್ಯಾಂಕಿನಲ್ಲಿ ಒಂದೇ ಅಕ್ಷರ, ಅದೂ ಹೆಸರಿನ ಕೊನೆಗೆ. ಮನುಷ್ಯರಿಗೆ ಗೊತ್ತಾಗುತ್ತದೆ ಇಬ್ಬರೂ ಒಬ್ಬರೇ ಎಂದು, ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಬ್ಯಾಂಕಿಗೆ ಹೋದೆ. ಹೆಸರು ತಿದ್ದಲು ಅರ್ಜಿ, ಆಧಾರ್ ಮತ್ತು ಪ್ಯಾನ್ ನಕಲು, ಮತ್ತೆ ಸಹಿ ಮಾದರಿ. ಆಧಾರ್‌ನಲ್ಲಿ ಹೆಸರಿನ ಕಾಗುಣಿತ ಒಂದು ಅಕ್ಷರ ಬೇರೆ ಇತ್ತು, ಮೊದಲು ಅದನ್ನು ಸರಿಮಾಡಿಸಿ ಎಂದರು. ಒಂದರ ಹಿಂದೆ ಒಂದು. ಹೊರಗೆ ಜೋರು ಮಳೆ, ಒಳಗೆ ಟೋಕನ್ ಹಿಡಿದು ಕಾಯುವುದು. ಕೌಂಟರ್‌ನಲ್ಲಿ ಇದ್ದ ಹುಡುಗಿ ಒಬ್ಬಳು ತಾಳ್ಮೆಯಿಂದ ಎಲ್ಲ ಅರ್ಜಿ ಒಂದೇ ಸಲ ತುಂಬಿಸಿಕೊಟ್ಟಳು, ಅವಳ ಉಪಕಾರ ಮರೆಯುವುದಿಲ್ಲ.

ನೀವು ಗೇಟ್‌ವೇ ಅರ್ಜಿ ತೆರೆಯುವ ಮೊದಲೇ ಪ್ಯಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಬೇರೆ ಇದ್ದರೆ ಸೀಸನ್ ಶುರುವಾಗುವ ಬಹಳ ಮೊದಲೇ ಸರಿಮಾಡಿಸಿ.

ಹೆಸರು ಸರಿಯಾದ ಮೇಲೆ ಇನ್ನೊಂದು ಕಾರಣಕ್ಕೆ ನಿಂತಿತು. ಮಾರಾಟದ ಪುಟದಲ್ಲಿ ಷರತ್ತುಗಳು, ಖಾಸಗಿತನದ ನೀತಿ, ಹಣ ವಾಪಸ್ ನೀತಿ, ಕಳಿಸುವ ನೀತಿ, ಸಂಪರ್ಕ ವಿಳಾಸ, ಇಷ್ಟೂ ಬೇರೆ ಬೇರೆ ಪುಟವಾಗಿ ಇರಲೇಬೇಕು. ಬೆಲೆಯೂ ಕಾಣಬೇಕು. ಇದನ್ನು ಯಾರೂ ಮೊದಲೇ ಸ್ಪಷ್ಟವಾಗಿ ಹೇಳುವುದಿಲ್ಲ. ಸುಮ್ನೆ ಬೇರೆಯವರದ್ದು ನಕಲು ಮಾಡಬೇಡಿ, ನೀವು ನಿಜವಾಗಿ ಏನು ಮಾಡುತ್ತೀರೋ ಅದನ್ನೇ ಬರೆಯಿರಿ. ಪ್ರಿಂಟ್ ಹಾಳಾಗಿ ತಲುಪಿದರೆ ಫೋಟೊ ತೆಗೆದು ಕಳಿಸಿ, ಹೊಸದು ಕಳಿಸುತ್ತೇವೆ, ಇಷ್ಟು ದಿನದೊಳಗೆ ತಿಳಿಸಿ ಎಂದು ನಾನು ಬರೆದೆ. ಮುಂದೆ ಅದೇ ನನಗೆ ಉಪಯೋಗಕ್ಕೆ ಬಂತು.

ಖಾತೆ ತೆರೆದ ಸಂದೇಶ ಬಂದ ದಿನ ಪರೀಕ್ಷೆಗೆ ಎಂದು ತಮ್ಮನಿಂದ 1 ರೂಪಾಯಿ ಹಾಕಿಸಿದೆ. ಅದು ನನ್ನ ಬ್ಯಾಂಕಿಗೆ ಬಂದು ಬಿದ್ದಾಗ ಆದ ಸಂತೋಷ ಬಹುಮಾನ ಬಂದಾಗಲೂ ಆಗಿರಲಿಲ್ಲ.

ಮಧ್ಯದಲ್ಲಿ ಒಬ್ಬ ವಕೀಲ ಸ್ನೇಹಿತರು ಒಂದು ಪ್ರಶ್ನೆ ಕೇಳಿದರು, "ಈ ಫೋಟೊ ಮಾರುವ ಹಕ್ಕು ನಿನಗೆ ಉಂಟಾ?" ತೆಗೆದವನು ನಾನು, ಹಕ್ಕು ನನ್ನದಲ್ವಾ ಎಂದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೋರಿಸಿದರು. ಸಾಮಾನ್ಯವಾಗಿ ತೆಗೆದವನೇ ಮೊದಲ ಒಡೆಯ. ಆದರೆ ಯಾರಾದರೂ ದುಡ್ಡು ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ದುಡ್ಡು ಕೊಟ್ಟವರದ್ದು. ಕೆಲವು ಕಂಬಳಗಳಲ್ಲಿ ನಾನು ಸಮಿತಿಯ ಅಧಿಕೃತ ಫೋಟೊಗ್ರಾಫರ್, ಅವರು ಸಂಭಾವನೆ ಕೊಡುತ್ತಾರೆ. ಈಗ ಪ್ರತಿ ಸಮಿತಿಯ ಜೊತೆ ಒಂದು ಪುಟದ ಒಪ್ಪಂದ ಮಾಡಿಕೊಳ್ಳುತ್ತೇನೆ. ಸಮಿತಿಗೆ ಪ್ರಚಾರಕ್ಕೆ ಫೋಟೊ ಉಚಿತ, ಪ್ರಿಂಟ್ ಮಾರುವ ಹಕ್ಕು ನನಗೆ. ಕೇಳಿದರೆ ಯಾರೂ ಬೇಡ ಎನ್ನಲಿಲ್ಲ. ಒಬ್ಬ ಹಿರಿಯರು ಮಾತ್ರ "ನಮ್ಮ ನಡುವೆ ಇದೆಲ್ಲ ಯಾಕೆ ಮಾರಾಯ" ಎಂದರು, ಸಹಿ ಮಾಡಿದರು. ಶಾಲೆಗಳ ಜೊತೆಗೂ ಹೀಗೇ ಬರೆದಿಟ್ಟುಕೊಳ್ಳಿ.

ಇನ್ನು ಪ್ರಿಂಟ್. ಇದು ನನಗೆ ತುಂಬಾ ಇಷ್ಟದ ಭಾಗ. ಒಂದೇ ಫೈಲ್‌ಗಳನ್ನು ಕೆಲವು ಲ್ಯಾಬ್‌ಗಳಿಗೆ ಕಳಿಸಿ ಪ್ರಿಂಟ್ ತರಿಸಿದೆ. ಒಂದು ಲ್ಯಾಬ್‌ನಿಂದ ಬಂದದ್ದು ನೋಡಿ ಎದೆ ಧಸಕ್ಕೆಂದಿತು. ರಾತ್ರಿ ಫ್ಲಡ್‌ಲೈಟ್‌ನಲ್ಲಿ ತೆಗೆದ ಕೆಸರು ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಕೋಣದ ಕಪ್ಪು ಮೈ ಬೂದಿಯಾಗಿತ್ತು. ಅಲ್ಲಿನ ಯಂತ್ರ ಪ್ರತಿ ಫೋಟೊವನ್ನೂ ತಾನೇ "ಸರಿ" ಮಾಡುತ್ತಿತ್ತು. ಕಪ್ಪು ಜಾಸ್ತಿ ಇದ್ದರೆ ಬೆಳಕು ಏರಿಸುತ್ತದೆ, ಕಂಬಳದ ಫೋಟೊ ಎಂದರೆ ಕಪ್ಪೇ ಜಾಸ್ತಿ. ಲ್ಯಾಬ್‌ಗೆ ಕೊಡುವಾಗ "ಕಲರ್ ಕರೆಕ್ಷನ್ ಬೇಡ" ಎಂದು ಬರೆದು ಕೊಡಿ. ಫೈಲ್ ಜೆಪೆಗ್ ಇರಲಿ, ಅದರ ಬಣ್ಣದ ಸೆಟ್ಟಿಂಗ್ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ ಇರಲಿ. ಅಡೋಬಿ ಆರ್‌ಜಿಬಿಯಲ್ಲಿ ಕೊಟ್ಟರೆ ಅನೇಕ ಕಡೆ ಬಣ್ಣ ಸಪ್ಪೆಯಾಗುತ್ತದೆ.

ಸೈಜ್ ಆರಿಸುವಾಗಲೂ ಯೋಚಿಸಬೇಕು. ನಮ್ಮ ಕ್ಯಾಮೆರಾದ ಚಿತ್ರ 2:3 ಅಳತೆಯದ್ದು. 4x6, 8x12, 12x18 ಇದಕ್ಕೆ ಸರಿಯಾಗಿ ಕೂರುತ್ತವೆ. 5x7, 8x10 ಇಟ್ಟರೆ ಬದಿ ಕತ್ತರಿಸಿ ಹೋಗುತ್ತದೆ. ಓಡುವ ಕೋಣಗಳು ಫ್ರೇಮಿನ ಈ ತುದಿಯಲ್ಲಿ, ಬೆತ್ತ ಎತ್ತಿದ ಕೈ ಆ ತುದಿಯಲ್ಲಿ. 8x10ರಲ್ಲಿ ಎರಡರಲ್ಲಿ ಒಂದು ಹೋಗಲೇಬೇಕು. ವಿದೇಶಿ ಸೇವೆಗಳ ಬೆಲೆಪಟ್ಟಿಯಲ್ಲಿ 8x10 ಮೊದಲೇ ತುಂಬಿರುತ್ತದೆ, ಅದನ್ನು ತೆಗೆದು ಹಾಕಿದೆ. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್, 6000x4000. ಇಂಚಿಗೆ 300 ಲೆಕ್ಕದಲ್ಲಿ 20x13 ಇಂಚಿನವರೆಗೆ ಚಿಂತೆ ಇಲ್ಲ, 12x18 ಆರಾಮಾಗಿ ಬರುತ್ತದೆ.

ಅತಿ ಜಾಸ್ತಿ ಹೋಗುವುದು ಯಾವುದು ಗೊತ್ತಾ? ಕನೆಹಲಗೆಯಲ್ಲಿ ನೀರು ನಿಶಾನೆಗೆ, ಅಂದರೆ ಕರೆಯ ಮೇಲೆ ಎತ್ತರದಲ್ಲಿ ಕಟ್ಟಿದ ಬಟ್ಟೆಗೆ, ಹಾಯುವ ಫೋಟೊ. ಆರೂವರೆ ಕೋಲು, ಏಳೂವರೆ ಕೋಲು (ಕೋಲು ಎಂದರೆ ಎತ್ತರದ ಅಳತೆ) ಎತ್ತರದ ಬಟ್ಟೆಗೆ ನೀರು ಚಿಮ್ಮುವ ಆ ಒಂದು ಕ್ಷಣ. ಅದು ಮೇಲಿಂದ ಕೆಳಗೆ ಉದ್ದದ ಚಿತ್ರ. ಗ್ಯಾಲರಿ ಸೇವೆ ಆರಿಸುವಾಗ ಉದ್ದ ಚಿತ್ರವನ್ನು ಚೌಕ ಮಾಡಿ ಕತ್ತರಿಸಿ ತೋರಿಸುತ್ತದಾ ಎಂದು ನೋಡಿ. ನಾನು ನೋಡಿದ ಒಂದರಲ್ಲಿ ನೀರು ಕಾಣುತ್ತಿತ್ತು, ನಿಶಾನೆ ಕಾಣುತ್ತಿರಲಿಲ್ಲ. ಆ ಫೋಟೊಗೆ ಬೆಲೆ ಬರುವುದೇ ನಿಶಾನೆಯಿಂದ.

ಕರಾವಳಿಯವರಿಗೆ ಇನ್ನೊಂದು ಮಾತು. ನಮ್ಮ ತೇವಕ್ಕೆ ಗ್ಲಾಸಿ ಪ್ರಿಂಟ್ ಫ್ರೇಮಿನ ಗಾಜಿಗೆ ಅಂಟಿಕೊಳ್ಳುತ್ತದೆ. ಮಳೆಗಾಲ ಕಳೆಯುವಾಗ ಕಲೆ ಬಿದ್ದಿರುತ್ತದೆ. ಮ್ಯಾಟ್ ಪೇಪರ್ ಕೊಡಿ, ಗಾಜಿಗೂ ಪ್ರಿಂಟ್‌ಗೂ ನಡುವೆ ಮೌಂಟ್ ಬೋರ್ಡ್ (ಅಂಚಿಗೆ ಇಡುವ ದಪ್ಪ ರಟ್ಟು) ಹಾಕಿಸಲು ಹೇಳಿ.

ಲೆಕ್ಕ ಹೇಳುತ್ತೇನೆ. 8x12 ಪ್ರಿಂಟ್ ನಾನು 450 ರೂ.ಗೆ ಕೊಡುತ್ತೇನೆ, ಅಂಚೆ ಸೇರಿ. ಲ್ಯಾಬ್‌ಗೆ 70, ರಟ್ಟು ಮತ್ತು ಪ್ಲಾಸ್ಟಿಕ್ ಕವರ್‌ಗೆ 35, ಸ್ಪೀಡ್ ಪೋಸ್ಟ್‌ಗೆ ಸರಾಸರಿ 70, ಗೇಟ್‌ವೇಗೆ 10 ರೂ. 62 ಪೈಸೆ. ಉಳಿಯುವುದು 264 ರೂ. ಚಿಲ್ಲರೆ. ಅದರಲ್ಲೇ ಗ್ಯಾಲರಿಯ ಚಂದಾ, ಪೆಟ್ರೋಲ್, ಹಾಳಾದ ಪ್ರಿಂಟ್‌ನ ಬದಲಿ ಎಲ್ಲ ಬರಬೇಕು. 4x6 ಒಂದೇ ಒಂದು ಕೇಳಿದರೆ ಅಂಚೆಯ ಖರ್ಚೂ ಹುಟ್ಟುವುದಿಲ್ಲ. ಅದಕ್ಕೆ ಕನಿಷ್ಠ ಆರ್ಡರ್ ಮೊತ್ತ ಇಟ್ಟೆ. ಕೆಲವರಿಗೆ ಬೇಸರ ಆಯಿತು, ಆದರೆ ಬೇರೆ ದಾರಿ ಇರಲಿಲ್ಲ.

ತೆರಿಗೆಯ ವಿಷಯಕ್ಕೆ ಒಬ್ಬ ಅಕೌಂಟೆಂಟ್ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ನಾವು ಕೊಡುವ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ಬೇರೆಯವರ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ನಿಯಮ ಬೇರೆ. ನಾನು ನನ್ನದೇ ಪುಟದಿಂದ ಮಾರಲು ಇದೂ ಒಂದು ಕಾರಣ.

ಗಲ್ಫ್‌ನವರ ವಿಷಯದಲ್ಲಿ ನಾನು ಅಂದುಕೊಂಡದ್ದು ಒಂದು, ಆದದ್ದು ಒಂದು. ಪ್ರಿಂಟ್‌ಗಳನ್ನು ದುಬೈಗೆ ಹೇಗೆ ಕಳಿಸುವುದು ಎಂದು ಬಹಳ ತಲೆ ಕೆಡಿಸಿಕೊಂಡಿದ್ದೆ. ಆರ್ಡರ್ ಬಂದಾಗ ನೋಡಿದರೆ ದುಡ್ಡು ಕಟ್ಟುವವರು ದುಬೈಯಲ್ಲಿ, ಫೋಟೊ ಹೋಗಬೇಕಾದದ್ದು ಬೆಳ್ತಂಗಡಿಯ ಮನೆಗೆ, ಅಪ್ಪನಿಗೆ. ಬಹುಪಾಲು ಹಾಗೇ. ಆದ್ದರಿಂದ ಆರ್ಡರ್ ಪುಟದಲ್ಲಿ ಕಟ್ಟುವವರ ವಿವರ ಬೇರೆ, ತಲುಪಬೇಕಾದವರ ವಿಳಾಸ ಮತ್ತು ಊರಿನ ಫೋನ್ ನಂಬರ್ ಬೇರೆ ಇರಬೇಕು. ಎಷ್ಟೋ ಸಿದ್ಧ ಫಾರ್ಮ್‌ಗಳಲ್ಲಿ ಫೋನ್ ಒಂದೇ ಇರುತ್ತದೆ. ಅಂಚೆಯಣ್ಣ ದುಬೈ ನಂಬರ್‌ಗೆ ಕರೆ ಮಾಡಿ ಏನು ಮಾಡಲಿ. ಗಲ್ಫ್‌ನಲ್ಲಿ ಇರುವ ಅನೇಕರ ಹತ್ತಿರ ಊರಿನ ಬ್ಯಾಂಕಿನ ಯುಪಿಐ ಇದೆ, ಅದರಲ್ಲೇ ಕಟ್ಟುತ್ತಾರೆ. ಹಾಗಾಗಿ ವಿದೇಶಿ ಕಾರ್ಡ್ ತೆರೆಸಲು ನಾನು ಹಾಕಿದ ಅರ್ಜಿ ಇನ್ನೂ ಬಾಕಿ ಇದ್ದರೂ ಕೆಲಸ ನಿಂತಿಲ್ಲ.

12x18 ಅನ್ನು ಗಟ್ಟಿ ಕೊಳವೆಯಲ್ಲಿ ಸುತ್ತಿ ಕಳಿಸುತ್ತೇನೆ. ಚಪ್ಪಟೆ ಕಳಿಸಿದವು ಮಡಚಿ ತಲುಪಿದ್ದವು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ, ಹಾಗಾಗಿ ಈಗ ಒಂದೇ ದಾರಿ, ಟ್ರ್ಯಾಕಿಂಗ್ ನಂಬರ್ ಸಿಗುತ್ತದೆ. ಆ ನಂಬರ್ ಅನ್ನು ಅದೇ ದಿನ ಗಿರಾಕಿಗೆ ಕಳಿಸಿದರೆ "ಎಲ್ಲಿಗೆ ಬಂತು?" ಎನ್ನುವ ಫೋನ್ ಬಹಳ ಕಡಿಮೆಯಾಗುತ್ತದೆ.

ಕಂಬಳದ ದಿನ ಹಂಚಲು ಚಿಕ್ಕ ಕಾರ್ಡ್ ಮಾಡಿಸಿದೆ, ಕ್ಯೂಆರ್ ಜೊತೆ. ಮೈದಾನದಲ್ಲಿ ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಇರುವುದಿಲ್ಲ, ಸ್ಕ್ಯಾನ್ ಮಾಡಿದರೆ ತೆರೆಯುವುದಿಲ್ಲ. ಅದಕ್ಕೇ ಕಾರ್ಡ್‌ನಲ್ಲಿ "ಫೋಟೊಗಳು ಬುಧವಾರದಿಂದ" ಎಂದು ದೊಡ್ಡದಾಗಿ ಬರೆದಿದ್ದೇನೆ. ಸೋಮವಾರ ನಿದ್ದೆ, ಮಂಗಳವಾರ ಆರಿಸುವುದು ಮತ್ತು ಹೆಸರು ಹಾಕುವುದು. ಹೆಸರು ಹಾಕುವ ಕೆಲಸವೇ ಅತಿ ಉದ್ದ. ಒಂದೇ ಯಜಮಾನರ ಹೆಸರಿನಲ್ಲಿ ಎ ಜೋಡಿ, ಬಿ ಜೋಡಿ ಇರುತ್ತವೆ, ಮೈಕಿನಲ್ಲಿ ಕರೆದದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಹೊಂದಿಸುತ್ತೇನೆ. ಗ್ಯಾಲರಿ ಸೇವೆಯಲ್ಲಿ ಕನ್ನಡದಲ್ಲಿ ಹೆಸರು ಹಾಕಿದರೆ ಕಾಣುತ್ತದೆ, ಹುಡುಕಾಟದಲ್ಲಿ ಮಾತ್ರ ಸಿಗುತ್ತಿರಲಿಲ್ಲ. ಹಾಗಾಗಿ ಪ್ರತಿ ಹೆಸರನ್ನೂ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹಾಕುತ್ತೇನೆ. ನೀವು ಪ್ರಾಯೋಗಿಕ ಅವಧಿಯಲ್ಲಿ ಇದನ್ನು ತಪ್ಪದೆ ಪರೀಕ್ಷಿಸಿ. ಕೆಲವು ಸೇವೆಗಳಲ್ಲಿ ಕನ್ನಡದ ಆಲ್ಬಂ ಹೆಸರಿನ ಲಿಂಕ್ ಉದ್ದದ ಗೋಜಲಾಗಿ ವಾಟ್ಸಾಪ್‌ನಲ್ಲಿ ತುಂಡಾಗುತ್ತದೆ.

ಫೋನಿನಲ್ಲಿ ಹುಡುಕಲು ಬಾರದ ಹಿರಿಯ ಯಜಮಾನರು ಈಗಲೂ ಕರೆ ಮಾಡುತ್ತಾರೆ. ಅವರಿಗೆ ನಾನೇ ಫೋಟೊ ಆರಿಸಿ, ಪೇಮೆಂಟ್ ಲಿಂಕ್ ಅವರ ಮಗನಿಗೋ ಮೊಮ್ಮಗಳಿಗೋ ಕಳಿಸುತ್ತೇನೆ. ಅದಕ್ಕೆ ಸಮಯ ಹೋಗುತ್ತದೆ, ಹೋಗಲಿ. ಕೋಣಗಳನ್ನು ವರ್ಷವಿಡೀ ಸಾಕುವವರು ಅವರು, ಅವರ ಮನೆಯ ಗೋಡೆಗೆ ಒಳ್ಳೆಯ ಫೋಟೊ ಹೋಗಬೇಕು.

ಸೀಸನ್ ಮುಗಿದ ಮೇಲೆ ಏನು ಎಂಬುದನ್ನೂ ಸೇರುವ ಮೊದಲೇ ನೋಡಿಟ್ಟುಕೊಳ್ಳಿ. ನನಗೆ ವರ್ಷದ ಚಂದಾಗಿಂತ ತಿಂಗಳ ಚಂದಾ ಸರಿ ಹೋಯಿತು, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಡಿಮೆ ಪ್ಲಾನ್‌ಗೆ ಇಳಿಸಬಹುದು. ಇಳಿಸಿದಾಗ ಜಾಗ ಮೀರಿದ ಫೋಟೊಗಳನ್ನು ಅಡಗಿಸಿಡುತ್ತಾರಾ ಅಥವಾ ಅಳಿಸುತ್ತಾರಾ, ಎಷ್ಟು ದಿನ ಸಮಯ ಕೊಡುತ್ತಾರೆ ಎಂದು ಲಿಖಿತವಾಗಿ ಕೇಳಿ. ಗ್ಯಾಲರಿ ಏನಿದ್ದರೂ ತೋರಿಸುವ ಜಾಗ. ಮೂಲ ಫೈಲ್‌ಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಬೇರೆ ಬೇರೆ ಮನೆಯಲ್ಲಿ ಇರಲಿ. ಆರ್ಡರ್‌ಗಳ ಪಟ್ಟಿಯನ್ನೂ ತಿಂಗಳಿಗೊಮ್ಮೆ ಇಳಿಸಿಕೊಳ್ಳಿ, ಮಾರ್ಚ್ ಕೊನೆಗೆ ಅಕೌಂಟೆಂಟ್ ಕೇಳುವುದು ಅದನ್ನೇ.